ಹಾರಬಕೋವಾ ಬೆಟ್ಟವೋ, ಲಾಸ್ ತೆರೆನಾಸ್ ಕಡಲೋ?

ಕೆರಿಬಿಯನ್ ದೇಶ ಡೊಮಿನಿಕನ್ ರಿಪಬ್ಲಿಕ್‌ನ ಚಿಕ್ಕ ಊರಲ್ಲಿ ನೆಲೆಸುವ ಯೋಚನೆ ಇದ್ದರೆ ಈ ಎರಡು ಹೆಸರು ಕಿವಿಗೆ ಬಿದ್ದೇ ಇರುತ್ತವೆ.

ಲಾಸ್ ತೆರೆನಾಸ್ ಇರುವುದು ಸಮಾನಾ ಪರ್ಯಾಯ ದ್ವೀಪದ ಉತ್ತರ ದಡದಲ್ಲಿ. ಫ್ರೆಂಚರು, ಇಟಾಲಿಯನ್ನರು ಬಂದು ನೆಲೆಸಿದ ಊರು. ಹಾಗಾಗಿ ಬೆಳಿಗ್ಗೆ ಒಳ್ಳೆಯ ಬ್ರೆಡ್ಡು ಸಿಗುತ್ತದೆ, ಹರಕುಮುರುಕು ಸ್ಪ್ಯಾನಿಶ್‌ನಲ್ಲೂ ದಿನ ದೂಡಬಹುದು. ಆದರೆ ಪ್ರವಾಸಿಗರು ಜಾಸ್ತಿ, ಬಾಡಿಗೆಯೂ ಜಾಸ್ತಿ. ಸೆಕೆ ಬಿಡುವುದಿಲ್ಲ. ಉಪ್ಪುಗಾಳಿಗೆ ಫ್ರಿಜ್ಜು, ಬೀಗ ಎಲ್ಲ ತುಕ್ಕು ಹಿಡಿಯುತ್ತವೆ.

ಹಾರಬಕೋವಾ ಸುಮಾರು 500 ಮೀಟರ್ ಎತ್ತರದಲ್ಲಿದೆ. ಕಾಫಿ ತೋಟ, ನದಿ, ರಾತ್ರಿ ಹೊದಿಕೆ ಬೇಕೆನ್ನಿಸುವ ಚಳಿ. ಕೊಡಗಿನವರಿಗೆ ಸುಲಭವಾಗಿ ಹಿಡಿಸೀತು. ಸ್ಪ್ಯಾನಿಶ್ ಇಲ್ಲದೆ ಮಾತ್ರ ಇಲ್ಲಿ ಬದುಕು ಕಷ್ಟ. ಅಂಗಡಿಯವನ ಜೊತೆ ಹರಟದಿದ್ದರೆ ಊರೇ ಪರಿಚಯವಾಗುವುದಿಲ್ಲ.

ವಯಸ್ಸಾದವರು ಜೊತೆಗಿದ್ದರೆ ಆಸ್ಪತ್ರೆಯ ದೂರ ಮೊದಲು ನೋಡಿ. ಹಾರಬಕೋವಾದಿಂದ ದೊಡ್ಡ ನಗರ ಸಾಂತಿಯಾಗೊ ಒಂದು ಗಂಟೆ ಚಿಲ್ಲರೆ. ಲಾಸ್ ತೆರೆನಾಸ್‌ನಿಂದ ರಾಜಧಾನಿ ಸಾಂತೊ ದೊಮಿಂಗೊಗೆ ಎರಡು ಗಂಟೆಗೂ ಮೇಲೆ. ನನ್ನ ಓಟು ಬೆಟ್ಟಕ್ಕೇ. ದಿನಾ ಈಜಬೇಕು ಅನ್ನುವವರ ಲೆಕ್ಕ ಬೇರೆ, ಅಲ್ವಾ?

ಊಟದ ಚಿಂತೆ ಎರಡೂ ಕಡೆ ಇಲ್ಲ. ತೊಗರಿಕಾಳು ಹಾಕಿದ ಅನ್ನ ಇವರ ಮೆಚ್ಚಿನ ಅಡುಗೆಗಳಲ್ಲೊಂದು. ಸಮಾನಾ ಕಡೆ ಅದಕ್ಕೆ ತೆಂಗಿನ ಹಾಲನ್ನೂ ಸುರಿಯುತ್ತಾರೆ.

ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. ಕಡಲ ದಡದಲ್ಲಿ ಗಾಳಿಯ ಭಯ, ಬೆಟ್ಟದಲ್ಲಿ ನದಿ ಉಕ್ಕುವ ಭಯ. ಎಲ್ಲೇ ಮನೆ ಹಿಡಿದರೂ ಇನ್ವರ್ಟರ್, ನೀರಿನ ಟ್ಯಾಂಕ್ ಇದೆಯಾ ಕೇಳಿ. ಕರೆಂಟು ಹೋಗುತ್ತಿರುತ್ತದೆ.