ಚಿತ್ರಸಂತೆಯಲ್ಲಿ ಮಳಿಗೆ ಹಾಕಬಹುದಾ? ಹಳೆ ಕಥಾಚಿತ್ರಗಳನ್ನು ಒಯ್ದವನ ಅನುಭವ

ಚಿತ್ರಸಂತೆಯನ್ನು ನೋಡಿ ಬಂದವರು ಬರೆದದ್ದು ಬೇಕಾದಷ್ಟಿದೆ. ಅಲ್ಲಿ ಮಾರಲು ಕೂತವರು ಬರೆದದ್ದು ಕಡಿಮೆ. ಮಳಿಗೆ ಹಾಕಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ, ಅದರಲ್ಲೂ ಅಟ್ಟದ ತುಂಬ ಹಳೆ ಕೆಲಸ ಇಟ್ಟುಕೊಂಡಿರುವ ಕಲಾವಿದರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ. ದುಡ್ಡಿನ ಲೆಕ್ಕದಲ್ಲಿ ಪರವಾಗಿಲ್ಲ, ಅಷ್ಟೇ. ನೋಡುವವರ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಸಂತೆ ಇದು. ಹೆಚ್ಚಾಗಿ ಜನವರಿಯ ಒಂದು ಭಾನುವಾರ ನಡೆಯುತ್ತದೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಅವತ್ತು ಗಾಡಿಗಳಿಲ್ಲ, ಬರೀ ಚಿತ್ರ ಮತ್ತು ಜನ. ಸಾವಿರಕ್ಕೂ ಜಾಸ್ತಿ ಕಲಾವಿದರು ಬೇರೆಬೇರೆ ರಾಜ್ಯಗಳಿಂದ ಬರುತ್ತಾರೆ. 2021ರಲ್ಲಿ ಕೋವಿಡ್ ಕಾರಣಕ್ಕೆ ಆನ್‌ಲೈನ್‌ನಲ್ಲಿ ನಡೆಯಿತು. 'ಮನೆಗೊಂದು ಕಲಾಕೃತಿ' ಅನ್ನುವುದು ಸಂತೆಯ ಘೋಷಣೆ. ನೋಡುವವರಿಗೆ ಟಿಕೆಟ್ ಇಲ್ಲ. ಕಲಾವಿದರು ಮಾತ್ರ ಮೊದಲೇ ಅರ್ಜಿ ಹಾಕಿ ಆಯ್ಕೆಯಾಗಬೇಕು. ನೂರಿನ್ನೂರು ರೂಪಾಯಿಯ ಚಿತ್ರವೂ ಅಲ್ಲಿದೆ, ಲಕ್ಷದ್ದೂ ಇದೆ.

ಇನ್ನು ನನ್ನ ಸರಕು. ನಾನು ಗದಗಿನ ವಿಜಯ ಕಲಾ ಮಂದಿರದಲ್ಲಿ ಕಲಿತವನು, ಈಗ ಧಾರವಾಡದಲ್ಲಿದ್ದೇನೆ. 1980ರ ದಶಕದ ಕೊನೆಯಿಂದ ಸುಮಾರು ವರ್ಷ ಕನ್ನಡದ ವಾರಪತ್ರಿಕೆ, ಮಾಸಪತ್ರಿಕೆಗಳಿಗೆ ಕಥಾಚಿತ್ರ, ಅಂದರೆ ಕತೆಯ ಜೊತೆ ಅಚ್ಚಾಗುವ ಚಿತ್ರ, ಬರೆದೆ. ಚಂದ್ರನಾಥ ಆಚಾರ್ಯರ ಕಥಾಚಿತ್ರಗಳನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡು ಬೆಳೆದ ತಲೆಮಾರು ನಮ್ಮದು. ಕತೆ ಅಂಚೆಯಲ್ಲಿ ಬರುತ್ತಿತ್ತು. ಎಷ್ಟು ಕಾಲಂ ಅಗಲ, ಎಷ್ಟು ಎತ್ತರ ಅನ್ನುವುದನ್ನು ಮೇಲೆ ಪೆನ್ಸಿಲಿನಲ್ಲಿ ಬರೆದಿರುತ್ತಿದ್ದರು. ಓದಿ, ಬರೆದು, ವಾಪಸ್ ಕಳಿಸಬೇಕು. ಬೇಗ. ಮೂಲಚಿತ್ರಗಳಲ್ಲಿ ಎಷ್ಟೋ ಮರಳಿ ಬರಲೇ ಇಲ್ಲ. ಆಗ ಯಾರೂ ಕೇಳುತ್ತಿರಲಿಲ್ಲ ಬಿಡಿ, ನಾನೂ ಕೇಳಲಿಲ್ಲ. ಉಳಿದವು ಒಂದು ಟ್ರಂಕಿನಷ್ಟು.

ಸಂತೆಗೆ ಆರಿಸಲು ಅವನ್ನೆಲ್ಲ ಪಡಸಾಲೆಯಲ್ಲಿ ಹಾಸಿದೆ. ಒಂದೊಂದಾಗಿ ನೋಡಿದಾಗ ಕಾಣದ್ದು ಒಟ್ಟಿಗೆ ನೋಡಿದಾಗ ಕಂಡಿತು. ನನ್ನ ಹೆಂಗಸರೆಲ್ಲ ಕಿಟಕಿಯ ಪಕ್ಕ ನಿಂತಿದ್ದಾರೆ! ಕತೆ ವರದಕ್ಷಿಣೆಯದಾಗಲಿ, ಪ್ರೇಮದ್ದಾಗಲಿ, ಬ್ಯಾಂಕ್ ನೌಕರಿಯದಾಗಲಿ, ಆಕೆ ಜಡೆ ಮುಂದೆ ಹಾಕಿಕೊಂಡು ಕಿಟಕಿಯಿಂದ ಹೊರಗೆ ನೋಡುತ್ತಿದ್ದಾಳೆ. ಗಂಡಸರಿಗೆಲ್ಲ ಗಡ್ಡ, ಕನ್ನಡಕ, ಹೆಗಲಿಗೆ ಜೋಳಿಗೆ. ಎಲ್ಲರೂ ಒಂದೇ ಅಂಗಡಿಯಲ್ಲಿ ಚಪ್ಪಲಿ ಕೊಂಡಂತಿದೆ.

ಇದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. ನ್ಯೂಸ್‌ಪ್ರಿಂಟ್ ಶಾಯಿ ಕುಡಿಯುತ್ತದೆ. ಹತ್ತಿರಹತ್ತಿರ ಗೆರೆ ಎಳೆದು ನೆರಳು ತೋರಿಸಿದರೆ ಅಚ್ಚಿನಲ್ಲಿ ಅದು ಕೂಡಿಕೊಂಡು ಮಸಿಯ ಕಲೆಯಾಗುತ್ತದೆ. ವಾಷ್‌ನಲ್ಲಿ, ಅಂದರೆ ನೀರು ಬೆರೆಸಿದ ತೆಳು ಶಾಯಿಯಲ್ಲಿ ಬರೆದರೆ ಅದನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಹಾಫ್‌ಟೋನ್ ಮಾಡಬೇಕು, ಬೂದು ಬಣ್ಣವೆಲ್ಲ ಮಂಕಾಗುತ್ತದೆ. ಅಪ್ಪಟ ಕಪ್ಪು, ಅಪ್ಪಟ ಬಿಳಿ ಬಂದರೆ ಮಾತ್ರ ಚಿತ್ರ ಉಳಿಯುತ್ತದೆ. ಕಿಟಕಿ ಅದಕ್ಕೆ ಹೇಳಿ ಮಾಡಿಸಿದ್ದು. ಒಳಗೆ ಕತ್ತಲೆ, ಹೊರಗೆ ಬೆಳಕು, ನಡುವೆ ಪಕ್ಕದಿಂದ ಕಾಣುವ ಮುಖ. ಎರಡು ಗಂಟೆಯ ಕೆಲಸ. ಸಂಪಾದಕರಿಗೂ ಖುಷಿ. ಚಿತ್ರವನ್ನು ಅಚ್ಚಾಗುವ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆಯುತ್ತಿದ್ದೆವು. ಕ್ಯಾಮೆರಾದಲ್ಲಿ ಕುಗ್ಗಿಸಿದಾಗ ತಪ್ಪುಗಳೂ ಕುಗ್ಗುತ್ತಿದ್ದವು. ಕೈ ತಪ್ಪಿದಲ್ಲಿ ಪೋಸ್ಟರ್ ವೈಟ್ ಬಳಿದು ಮೇಲೆ ಮತ್ತೆ ಗೆರೆ. ಅಚ್ಚಿನಲ್ಲಿ ಅದು ಕಾಣುತ್ತಿರಲಿಲ್ಲ. ಕಾಗದ ಹಳದಿಯಾಗಿರುವುದರಿಂದ ಈಗ ಮೂಲಚಿತ್ರದಲ್ಲಿ ಆ ಬಿಳಿ ತೇಪೆಗಳು ಎದ್ದು ಕಾಣುತ್ತವೆ.

ಕೆಲವು ಮೂಲಗಳನ್ನು ಹಾಗೇ ಒಯ್ದೆ. ಉಳಿದವುಗಳ ಪ್ರಿಂಟ್ ಮಾಡಿಸಿದೆ. ಈ ಪ್ರಿಂಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಮೊದಲು ಹೋದ ಅಂಗಡಿಯವರು ಬಹಳ ಮುತುವರ್ಜಿಯಿಂದ ಸ್ಕ್ಯಾನನ್ನು 'ಕ್ಲೀನ್' ಮಾಡಿಕೊಟ್ಟರು. ಕಾಗದ ಹಾಲಿನಷ್ಟು ಬಿಳಿ. ತೇಪೆ ಮಾಯ, ಅಂಚಿನಲ್ಲಿದ್ದ 'ಕಾಲಂ 2' ಅನ್ನುವ ಪೆನ್ಸಿಲ್ ಬರಹ ಮಾಯ, ಸೆಲ್ಲೋಟೇಪಿನ ಕಂದು ಕಲೆ ಮಾಯ. ಯಾರದೋ ಚಿತ್ರದಂತೆ ಕಂಡಿತು. ಇನ್ನೊಬ್ಬರ ಹತ್ತಿರ 600 ಡಿಪಿಐನಲ್ಲಿ, ಬಣ್ಣದ ಸ್ಕ್ಯಾನ್ ಆಗಿಯೇ ಮಾಡಿಸಿ, ಏನನ್ನೂ ಒರೆಸಬೇಡಿ ಎಂದು ಎದುರು ನಿಂತು ಹೇಳಿದೆ. ಹತ್ತಿಯ ಕಾಗದ, ಪಿಗ್ಮೆಂಟ್ ಇಂಕ್. ಕಪ್ಪು ಬಿಳುಪಿನ ಚಿತ್ರಕ್ಕೆ ಬಣ್ಣದ ಸ್ಕ್ಯಾನ್ ಯಾಕೆ ಸಾರ್ ಎಂದು ಕೇಳಿದರು. ಹಳದಿಗೆ, ಅಂದೆ.

ಸಂತೆಯಲ್ಲಿ ನೆಟ್‌ವರ್ಕ್ ಅನ್ನು ನಂಬಬೇಡಿ. ಅಷ್ಟು ಜನ ಒಂದೇ ರಸ್ತೆಯಲ್ಲಿ ಸೇರಿದಾಗ ಮೊಬೈಲ್ ಸುತ್ತುತ್ತಲೇ ಇರುತ್ತದೆ, ಯುಪಿಐ ಹೋಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಸಾಲು ಮರಗಳಿವೆ, ನೆರಳಿದೆ. ಆದರೆ ನೆರಳು ಸರಿಯುತ್ತದೆ, ನೀವು ಸರಿಯುವಂತಿಲ್ಲ. ಗಾಜು ಹಾಕಿದ ಫ್ರೇಮಿನಲ್ಲಿ ಮಧ್ಯಾಹ್ನ ಚಿತ್ರಕ್ಕಿಂತ ಎದುರಿನ ಮರವೇ ಚೆನ್ನಾಗಿ ಕಾಣುತ್ತದೆ. ಒಬ್ಬರೇ ಹೋಗಬೇಡಿ, ಊಟಕ್ಕೆ ಏಳಲೂ ಆಗುವುದಿಲ್ಲ. ನನ್ನ ತಂಗಿಯ ಮಗ ಬಂದಿದ್ದ, ಬಚಾವಾದೆ. ನೋಡಿ ಕೊಳ್ಳುವವರು ಬೆಳಿಗ್ಗೆ ಬರುತ್ತಾರೆ. ಸಂಜೆ ಹೊತ್ತಿಗೆ ಹಿಂದಿನವರು ತಳ್ಳುತ್ತಿರುತ್ತಾರೆ, ನಿಲ್ಲಬೇಕು ಅಂದವರಿಗೂ ನಿಲ್ಲಲು ಆಗುವುದಿಲ್ಲ.

ಪಕ್ಕದ ಮಳಿಗೆಯಲ್ಲಿ ಏಳು ಕುದುರೆಗಳ ಚಿತ್ರ. ವಾಸ್ತುವಿಗೆ ಒಳ್ಳೆಯದಂತೆ. ಅವರ ವ್ಯಾಪಾರ ನೋಡಿದರೆ ವಾಸ್ತು ಕೆಲಸ ಮಾಡುತ್ತದೆ ಅನ್ನಲೇಬೇಕು. ನನ್ನ ಕಡೆ ಬಂದವರಲ್ಲಿ ಕೆಲವರು "ಇದ್ರಲ್ಲಿ ಕಲರ್ ಇಲ್ವಾ?" ಎಂದು ಕೇಳಿ ಮುಂದೆ ಹೋದರು. ಒಬ್ಬ ಹುಡುಗ ಬಹಳ ಹೊತ್ತು ನೋಡಿ, "ಐಪ್ಯಾಡ್‌ನಲ್ಲಿ ಮಾಡಿದ್ದಾ ಸರ್?" ಅಂದ. ಅಚ್ಚಿಗೆಂದು ದಪ್ಪಗೆ, ಬಿಡಿಬಿಡಿಯಾಗಿ ಎಳೆದ ಗೆರೆ ಈಗಿನವರಿಗೆ ಹಾಗೆ ಕಾಣುತ್ತದೆ. ಪೋಸ್ಟರ್ ವೈಟ್ ತೇಪೆ ತೋರಿಸಿದೆ. ಅವನು ಚಿತ್ರ ಬಿಟ್ಟು ತೇಪೆಯ ಫೋಟೊ ತೆಗೆದುಕೊಂಡ. ಆಮೇಲೆ ಹೀಗೆ ಅಂಚಿನ ಫೋಟೊ ತೆಗೆದುಕೊಂಡವರು ಇನ್ನೂ ಹಲವರಿದ್ದರು.

ಇಲ್ಲಿಂದ ಮುಂದಿನದನ್ನು ಹೇಳುವುದಕ್ಕೇ ಇಷ್ಟು ಬರೆದದ್ದು.

ನನ್ನದೊಂದು ಚಿತ್ರವಿದೆ. ಗಂಡ ಬಿಟ್ಟುಹೋದ ಸುದ್ದಿಯ ಕಾಗದ ಓದಿ ಹೆಣ್ಣುಮಗಳೊಬ್ಬಳು ಅಡುಗೆಮನೆಯಲ್ಲಿ ಕುಸಿದು ಕೂತದ್ದು. ಆ ಮುಖಕ್ಕೆ ಆಗ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಎದುರಿಗೆ ಜಾಗ ಖಾಲಿ ಉಳಿಯಿತಲ್ಲ ಎಂದು ಒಂದು ಪಂಪ್ ಸ್ಟವ್ ಬರೆದಿದ್ದೆ, ಸೀಮೆಎಣ್ಣೆಯದು. ಮೂರು ಕಾಲು, ಹೊಗೆ ಹಿಡಿದ ಬರ್ನರ್, ಪಕ್ಕದಲ್ಲಿ ಅದರ ತೂತು ಬಿಡಿಸುವ ಪಿನ್ನು. ಒಂದು ಜೋಡಿ ಬಂದು ನಿಂತಿತು. ಮೂವತ್ತರ ಆಸುಪಾಸಿನವರು. ಆ ಹುಡುಗಿ ಅಂದಳು, "ಅಯ್ಯೋ, ನಮ್ಮಜ್ಜಿ ಮನೆ ಸ್ಟವ್! ಈ ಪಿನ್ ಕಳೆದುಹೋಯ್ತು ಅಂದ್ರೆ ಮನೆಯಲ್ಲಿ ಯುದ್ಧ." ಇಬ್ಬರೂ ನಕ್ಕರು. ಅಳುತ್ತ ಕೂತವಳನ್ನು ಅವರು ಗಮನಿಸಿದಂತೆಯೂ ಕಾಣಲಿಲ್ಲ. ದುಡ್ಡು ಕೊಟ್ಟು ಒಯ್ದರು.

ದಿನವಿಡೀ ಇದೇ ಆಯಿತು. ಜನ ರೇಡಿಯೊ ನೋಡಿದರು. ಗೋಡೆಯ ಮೊಳೆಗೆ ನೇತುಹಾಕಿದ ಕ್ಯಾಲೆಂಡರ್ ನೋಡಿದರು. ಬಸ್ ಸ್ಟ್ಯಾಂಡಿನಲ್ಲಿ ಹಗ್ಗ ಕಟ್ಟಿದ ಹೋಲ್ಡಾಲ್, ಹಾಸಿಗೆ ಸುತ್ತಿ ಒಯ್ಯುವ ಚೀಲ, ನೋಡಿ ಇದೇನು ಎಂದು ಮಕ್ಕಳು ಕೇಳಿದರೆ ಅಪ್ಪಂದಿರು ವಿವರಿಸಿದರು. ಒಬ್ಬರು ಹಿರಿಯರು ಕಟ್ಟಿಗೆ ಉರಿಸುವ ಹಂಡೆಯ ಒಲೆಯ ಚಿತ್ರದ ಮುಂದೆ ನಿಂತು, "ಬೂದಿ ತೆಗೆಯೋ ಕಿಂಡಿ ಸರಿಯಾಗಿ ಬರೆದಿದ್ದೀರಿ" ಎಂದು ಸರ್ಟಿಫಿಕೇಟ್ ಕೊಟ್ಟರು. ಕತೆಯ ಮುಖ್ಯ ಪಾತ್ರದ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ಹಳೆಯದೆಲ್ಲ ಚೆಂದ ಅನ್ನುವ ಹುಚ್ಚು ಇದು ಅಂತ ಮೊದಲು ಅನಿಸಿತು. ಆ ಹುಚ್ಚು ನನಗೆ ಇಷ್ಟವಿಲ್ಲ. ಸೀಮೆಎಣ್ಣೆಗೆ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರು ಯಾರೂ ಪಂಪ್ ಸ್ಟವ್‌ಗೆ ಮರುಗುವುದಿಲ್ಲ. ಆದರೆ ಕೆಲಸವನ್ನೇ ನೋಡಿದರೆ ಜನ ಹೇಳಿದ್ದು ಸರಿ. ಆ ಮುಖಗಳನ್ನು ನಾನು ಬೇರೆ ಚಿತ್ರಗಳಿಂದ ಕಲಿತಿದ್ದೆ. ಸ್ಟವ್ ನಮ್ಮ ಮನೆಯದು. ಅವ್ವ ಅದನ್ನು ಹೊತ್ತಿಸುವುದನ್ನು ದಿನಾ ನೋಡಿದವನು ನಾನು. ಮುಖದ ಗೆರೆಯಲ್ಲಿ ಚೆನ್ನಾಗಿ ಕಾಣಬೇಕು ಅನ್ನುವ ಆಸೆ ಇದೆ, ಸ್ಟವ್‌ನ ಗೆರೆಯಲ್ಲಿ ಅದಿಲ್ಲ. ಬೇಗ ಮುಗಿಸಿ ಅಂಚೆಗೆ ಹಾಕಬೇಕು ಅನ್ನುವ ಅವಸರ ಮಾತ್ರ ಇದೆ. ಗೆರೆ ಅಲ್ಲಿ ಎಷ್ಟು ಸಲೀಸಾಗಿ ಓಡಿದೆ ಅಂದರೆ, ಈಗ ಬರೆ ಅಂದರೆ ನನ್ನಿಂದಾಗುವುದು ಅನುಮಾನ.

ಇದನ್ನು ನನಗೆ ಯಾವ ಪ್ರದರ್ಶನವೂ ಹೇಳಿರಲಿಲ್ಲ. ಗ್ಯಾಲರಿಯಲ್ಲೂ ಚಿತ್ರ ಇಟ್ಟವನೇ ನಾನು. ಉದ್ಘಾಟನೆ, ದೀಪ, ಚಹಾ, ಗೆಳೆಯರು. ಪುಸ್ತಕದಲ್ಲಿ 'ಅದ್ಭುತ', 'ಶುಭವಾಗಲಿ'. ಅಲ್ಲಿ ಜನ ಚಿತ್ರದ ಮುಂದೆ ಗಂಭೀರವಾಗಿ ನಿಲ್ಲುತ್ತಾರೆ, ಏನು ನೋಡುತ್ತಿದ್ದಾರೆ ಅನ್ನುವುದು ಗೊತ್ತಾಗುವುದಿಲ್ಲ. ಸಂತೆಯಲ್ಲಿ ಬೆರಳಿಟ್ಟು ತೋರಿಸುತ್ತಾರೆ. ನೀವು ಕಲಾವಿದರು ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ, ಅಂಗಡಿಯವರು ಅಂದುಕೊಂಡು ಮನಸ್ಸಿಗೆ ಬಂದದ್ದು ಮಾತಾಡುತ್ತಾರೆ. ಮಳಿಗೆಯ ಶುಲ್ಕ ಅದೊಂದಕ್ಕೇ ವಸೂಲಾಯಿತು.

ಇನ್ನೊಬ್ಬರ ವಿಷಯ ಹೇಳಬೇಕು. ಐವತ್ತು ದಾಟಿದ ಹೆಂಗಸು. ಬಂದವರೇ ಮೂಲೆಯಲ್ಲಿದ್ದ ಸಹಿ ಓದಿದರು. ಅಚ್ಚಿನಲ್ಲಿ ಅದು ಇರುವೆಯಷ್ಟಾಗುತ್ತಿತ್ತು.

"ಇದು ನಿಮ್ಮ ಸಹಿನಾ?"

"ಹೌದ್ರೀ."

"ನಮ್ಮಮ್ಮ ಧಾರಾವಾಹಿ ಪುಟಗಳನ್ನ ಕತ್ತರಿಸಿ, ಹೊಲಿದು, ಕ್ಯಾಲೆಂಡರ್ ಹಾಳೆ ರಟ್ಟು ಹಾಕಿ ಇಡ್ತಿದ್ರು. ನಾವು ಮಕ್ಕಳು ಓದ್ತಿರಲಿಲ್ಲ. ಚಿತ್ರದಲ್ಲಿದ್ದ ಹೆಂಗಸರಿಗೆಲ್ಲ ಮೀಸೆ ಬರೀತಿದ್ವಿ. ನಿಮ್ಮವಕ್ಕೂ ಬರೆದಿದ್ದೀವಿ ಅನ್ಸುತ್ತೆ."

ನನಗೆ ನಗು ತಡೆಯಲಿಲ್ಲ. ಕಥಾಚಿತ್ರ ಬರೆಯುವವನಿಗೆ ಓದುಗರ ಪತ್ರ ಬರುವುದು ಅಪರೂಪ. ಬರುವುದೆಲ್ಲ ಕತೆಗಾರರಿಗೆ. ವಾರ ಕಳೆದರೆ ಪತ್ರಿಕೆ ರದ್ದಿಗೆ, ಚಿತ್ರದಲ್ಲಿ ಮಿರ್ಚಿ ಕಟ್ಟುತ್ತಾರೆ ಅನ್ನುವ ಲೆಕ್ಕದಲ್ಲೇ ನಾವು ಬರೆದದ್ದು. ಅತ್ತ ಎಷ್ಟೋ ಮನೆಗಳಲ್ಲಿ ನಮ್ಮ ಹೆಂಗಸರು ಮೀಸೆ ಸಮೇತ ಬೈಂಡಾಗಿ ಕೂತಿದ್ದಾರೆ! ಅವರು ಕೊಂಡದ್ದೇನೂ ಇಲ್ಲ. ಅಮ್ಮನ ಕಟ್ಟುಗಳು ಇನ್ನೂ ಇವೆಯಾ ಎಂದು ಕೇಳಿದೆ. ಕೆಲವು ಇವೆಯಂತೆ. ಪುಟಗಳ ಫೋಟೊ ಕಳಿಸುತ್ತೇನೆ ಎಂದು ನನ್ನ ನಂಬರ್ ಬರೆದುಕೊಂಡು ಹೋದರು. ಕಳಿಸಿದರು ಕೂಡ. ನನ್ನ ಹತ್ತಿರ ಮೂಲವಿಲ್ಲದ ಎರಡು ಚಿತ್ರ ಅದರಲ್ಲಿ ಸಿಕ್ಕವು. ಒಂದಕ್ಕೆ ಮೀಸೆ ಇದೆ, ಅದೂ ಚೆನ್ನಾಗಿಯೇ ಬರೆದಿದ್ದಾರೆ.

ವ್ಯಾಪಾರದ ವಿಷಯ. ಸಣ್ಣ ಪ್ರಿಂಟ್ 400, ದೊಡ್ಡದು 1200 ಇಟ್ಟಿದ್ದೆ. ಮೂಲಚಿತ್ರ 6000ದಿಂದ ಮೇಲೆ. ಚೌಕಾಸಿ ಮಾಡುತ್ತಾರೆ, ಸಂತೆ ಅಂದಮೇಲೆ ಮಾಡಬೇಕಾದ್ದೇ. ಪ್ರಿಂಟ್ ಅನ್ನುವುದನ್ನು ಬೋರ್ಡಿನಲ್ಲೇ ಬರೆದುಬಿಡಿ. ಇಲ್ಲದಿದ್ದರೆ ಕೊಂಡವರಿಗೆ ಆಮೇಲೆ ಬೇಜಾರಾಗುತ್ತದೆ. ಸಣ್ಣವು ಚೆನ್ನಾಗಿ ಹೋದವು. ಮೂಲಗಳಲ್ಲಿ ಹೋದದ್ದು ಕಡಿಮೆ, ಹೋದವೆಲ್ಲ ಪಾತ್ರೆಪಗಡಿ ಇದ್ದವು. ಕಿಟಕಿ ಪಕ್ಕದ ಹೆಂಗಸರು ಒಬ್ಬರನ್ನೂ ಬಿಡದೆ ನನ್ನ ಜೊತೆ ರಾತ್ರಿ ರೈಲಿಗೆ ಧಾರವಾಡಕ್ಕೆ ವಾಪಸ್ ಬಂದರು. ಪ್ರಿಂಟ್, ಫ್ರೇಮ್, ಓಡಾಟ ಎಲ್ಲ ಕಳೆದರೆ ಕೈಯಲ್ಲಿ ಉಳಿದದ್ದು ಒಂದು ಒಳ್ಳೆಯ ಕಾಗದದ ಬಂಡಲಿಗೆ ಆಗುವಷ್ಟು.

ತೈಲವರ್ಣದ ದೊಡ್ಡ ಕ್ಯಾನ್ವಾಸ್ ಬರೆಯುವವರಿಗೆ ಈ ಜಾಗವನ್ನು ಅಷ್ಟು ಜೋರಾಗಿ ಹೇಳುವುದಿಲ್ಲ. ಧೂಳು, ತಳ್ಳಾಟ, ಹೊತ್ತು ತರುವ ಕಷ್ಟ. ಕಾಗದದ ಕೆಲಸದವರು, ರೇಖಾಚಿತ್ರದವರು, ವ್ಯಂಗ್ಯಚಿತ್ರದವರು, ಪುಸ್ತಕದ ಮುಖಪುಟ ಬರೆದವರು ಕಣ್ಣುಮುಚ್ಚಿ ಅರ್ಜಿ ಹಾಕಿ. ಹೊಸದನ್ನಷ್ಟೇ ಒಯ್ಯಬೇಡಿ. ಅರ್ಧದಷ್ಟಾದರೂ ಹಳೆಯದಿರಲಿ, ಅದರಲ್ಲೂ ನೀವು ಮುಖ್ಯ ಅಂದುಕೊಳ್ಳದ್ದು. ಫ್ರೇಮ್ ಬೇಡ, ಮೌಂಟ್ ಮಾಡಿ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಸಾಕು. ಚಿತ್ರ ಅಚ್ಚಾದ ಪತ್ರಿಕೆಯ ಪುಟ ಸಿಕ್ಕಿದರೆ ಪಕ್ಕದಲ್ಲೇ ಇಡಿ, ಜನ ಎರಡನ್ನೂ ಹೋಲಿಸಿ ನೋಡುತ್ತ ನಿಲ್ಲುತ್ತಾರೆ. ಕತೆಯ ಸಾಲನ್ನು ಮಾತ್ರ ಪ್ರಿಂಟಿನ ಮೇಲೆ ಹಾಕಿ ಮಾರಬೇಡಿ, ಅದು ಕತೆಗಾರರ ಸ್ವತ್ತು. ಜೇಬಿನಲ್ಲಿ ಐವತ್ತು, ನೂರರ ಚಿಲ್ಲರೆ ಜಾಸ್ತಿ ಇರಲಿ. ನೆಟ್‌ವರ್ಕ್ ಕಾರಣ ಒಂದಾದರೆ, ಪಂಪ್ ಸ್ಟವ್ ಗುರುತು ಹಿಡಿಯುವ ವಯಸ್ಸಿನವರು ಇನ್ನೂ ಐನೂರರ ನೋಟೇ ಕೊಡುತ್ತಾರೆ.