ಬೈನಾಮಿಯಲ್, ಪಾಯ್ಸಾನ್, ನಾರ್ಮಲ್: ಪರೀಕ್ಷೆಯಲ್ಲಿ ಯಾವುದನ್ನು ಹಿಡಿಯುವುದು?

ಈ ಮೂರೂ ಸಂಭವನೀಯತೆಯ ವಿತರಣೆಗಳು, ಅಂದರೆ ಒಂದು ಘಟನೆ ಇಷ್ಟು ಸಲ ಆಗುವ ಸಂಭವವನ್ನು ಲೆಕ್ಕ ಹಾಕುವ ದಾರಿಗಳು. 200 ಮಂಗಳೂರು ಹಂಚುಗಳಿವೆ, ಒಂದೊಂದೂ ಒಡೆದಿರುವ ಸಂಭವ 0.02 ಎಂದುಕೊಳ್ಳಿ. ಸರಿಯಾಗಿ 2 ಒಡೆದಿರುವ ಸಂಭವನೀಯತೆ ಎಷ್ಟು? ಬೈನಾಮಿಯಲ್ ನಿಖರ, 0.1458; ಆದರೆ 0.98ರ 198ನೇ ಘಾತಕ್ಕೆ ಕ್ಯಾಲ್ಕುಲೇಟರ್ ಬೇಕೇ ಬೇಕು. ಪಾಯ್ಸಾನ್‌ಗೆ ಸರಾಸರಿ 4 ಗೊತ್ತಿದ್ದರೆ ಸಾಕು, ಎರಡೇ ಸಾಲಿನಲ್ಲಿ 0.1465. ನಾರ್ಮಲ್ ಇಲ್ಲಿ 0.12 ಕೊಟ್ಟು ಕೈಕೊಡುತ್ತದೆ: ಸರಾಸರಿ 5ಕ್ಕಿಂತ ಕಡಿಮೆ, ವಿತರಣೆ ಒಂದು ಕಡೆಗೆ ವಾಲಿದೆ.

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ 200 ಪ್ರಯಾಣಿಕರಲ್ಲಿ ಒಬ್ಬೊಬ್ಬರೂ ಉಡುಪಿಗೆ ಹೋಗುವ ಸಂಭವ 0.4 ಇದ್ದು, ‘90 ಅಥವಾ ಹೆಚ್ಚು’ ಎಂದು ಕೇಳಿದರೆ ನಾರ್ಮಲ್ಲೇ ಸೈ. ಸರಾಸರಿ 80, ಮಾನಕ ವಿಚಲನೆ (ಹರಡಿಕೆಯ ಅಳತೆ) 6.93. ಎಣಿಕೆ ಪೂರ್ಣಾಂಕ, ನಾರ್ಮಲ್ ನಿರಂತರ; ಅದಕ್ಕೇ 90ರ ಬದಲು 89.5 ಹಾಕಿ: ಝಡ್ (ಸರಾಸರಿಯಿಂದ ಎಷ್ಟು ಮಾನಕ ವಿಚಲನೆ ದೂರ) 1.37, ಉತ್ತರ 0.0853. ಆ ಅರ್ಧ ಕಳೆಯಲು ಮರೆತರೆ 0.0749, ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ. ಪಾಯ್ಸಾನ್ ಬೇಡ, ಅದರ ವೇರಿಯನ್ಸ್ (ಮಾನಕ ವಿಚಲನೆಯ ವರ್ಗ) 80 ಆಗಿಬಿಡುತ್ತದೆ, ನಿಜವಾದದ್ದು 48.

ಎನ್ (ಒಟ್ಟು ಸಂಖ್ಯೆ, ಮೇಲೆ 200) 10ರ ಆಸುಪಾಸಿದ್ದರೆ ನೇರ ಬೈನಾಮಿಯಲ್.