ಹೆಡ್‌ಫೋನಿನಲ್ಲಿ ಸರಿ, ಫೈಲಿನಲ್ಲಿ ಹಿಂದೆ: ಮನೆಯಲ್ಲಿ ರೆಕಾರ್ಡ್ ಮಾಡುವವರು ಮೊದಲು ಇದನ್ನು ಅಳೆದು ನೋಡಿ

ನಾನು ತಬಲಾ ನುಡಿಸುವವನು, ಇರುವುದು ಧಾರವಾಡದಲ್ಲಿ. ಬೇರೆ ಬೇರೆ ಊರಿನ ಗಾಯಕರು ಹಾರ್ಮೋನಿಯಂ ಜೊತೆ ಹಾಡಿದ ಟ್ರ್ಯಾಕ್ ಕಳಿಸುತ್ತಾರೆ, ನಾನು ಮನೆಯಲ್ಲೇ ಕೂತು ತಬಲಾ ನುಡಿಸಿ ವಾಪಸ್ ಕಳಿಸುತ್ತೇನೆ. ಅದಕ್ಕೆಂದೇ ಕಳೆದ ವರ್ಷ ಒಂದು ಅಗ್ಗದ ಆಡಿಯೊ ಇಂಟರ್‌ಫೇಸ್ (ಮೈಕು, ಹೆಡ್‌ಫೋನುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕೊಂಡೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ಜೀರೊ ಲೇಟೆನ್ಸಿ’, ಅಂದರೆ ತಡವೇ ಇಲ್ಲ, ಎಂದು ಬರೆದಿತ್ತು. ಆ ಎರಡು ಪದ ನಂಬಿ ನಾಲ್ಕು ವಚನಗಳ ಕೆಲಸ ಕೈಬಿಟ್ಟುಹೋಯಿತು, ಎರಡು ತಿಂಗಳು ನಿದ್ದೆ ಸರಿಯಾಗಿ ಬರಲಿಲ್ಲ.

ಮೊದಲ ದಿನವೇ ತೊಂದರೆ ಇತ್ತು. ಮೈಕಿನ ಧ್ವನಿ ಕಂಪ್ಯೂಟರಿನೊಳಗೆ ಹೋಗಿ ಮತ್ತೆ ಹೆಡ್‌ಫೋನಿಗೆ ಬರುವಂತೆ ಇಟ್ಟಿದ್ದೆ. ಬಫರ್, ಅಂದರೆ ಧ್ವನಿ ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತು ಕಾಯುವ ಜಾಗ, 1024 ಸ್ಯಾಂಪಲ್. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್) ಅಷ್ಟಕ್ಕೇ 21 ಮಿಲಿಸೆಕೆಂಡ್ ಬೇಕು, ಹೋಗಲೊಮ್ಮೆ ಬರಲೊಮ್ಮೆ ಎಂದರೆ 42ರ ಮೇಲೆ. ನಾನು ಒಂದು ‘ಧಾ’ ಬಾರಿಸಿದರೆ ಎರಡು ‘ಧಾ’ ಕೇಳುತ್ತಿತ್ತು. ಬಫರ್ 64ಕ್ಕೆ ಇಳಿಸಿದರೆ ನನ್ನ ಹಳೆಯ ಲ್ಯಾಪ್‌ಟಾಪ್ ತಾಳಲಾರದೆ ಚಟಪಟ ಸದ್ದು ಮಾಡತೊಡಗಿತು. ಕೊನೆಗೆ ಇಂಟರ್‌ಫೇಸಿನ ಮುಂಭಾಗದ ಡೈರೆಕ್ಟ್ ಮಾನಿಟರ್ ಬಟನ್ ಒತ್ತಿ, ಸಾಫ್ಟ್‌ವೇರಿನ ಮಾನಿಟರಿಂಗ್ ಆಫ್ ಮಾಡಿದೆ. ಆಹಾ, ಬೆರಳು ಮುಟ್ಟಿದ ಕ್ಷಣವೇ ನಾದ ಕಿವಿಯಲ್ಲಿ. ಎಲ್ಲ ಸರಿಹೋಯಿತೆಂದು ಹಾಯಾಗಿ ನಾಲ್ಕು ವಚನಗಳಿಗೂ ನುಡಿಸಿ ಕಳಿಸಿದೆ.

ಮೂರನೇ ದಿನ ಗಾಯಕಿಯ ಫೋನ್. “ಅಣ್ಣಾರ, ಸಿಟ್ಟಾಗಬ್ಯಾಡ್ರಿ, ತಬಲಾ ಒಂಚೂರು ಹಿಂದ ಬರಾಕತ್ತೈತಿ. ಲಗ್ಗಿ ಬಂದಾಗಂತೂ ಹಾಡಾಕ ಆಗವಲ್ದು.” ಲಗ್ಗಿ ಎಂದರೆ ತಬಲಾ ವೇಗವಾಗಿ ಓಡುವ ಭಾಗ. ನಾನೂ ಹಾಕಿ ಕೇಳಿದೆ. ನಿಜ, ಹಿಂದೆ ಬೀಳುತ್ತಿತ್ತು. ಮತ್ತೆ ನುಡಿಸಿದೆ, ಮತ್ತೂ ಅದೇ. ಮೂರನೇ ಸಲಕ್ಕೆ ಅವರು ಬೇರೆಯವರ ಹತ್ತಿರ ನುಡಿಸಿಕೊಂಡರು. ಅವರ ತಪ್ಪೇನೂ ಇಲ್ಲ.

ನನ್ನ ಲಯವೇ ಕೆಟ್ಟಿತೆಂದುಕೊಂಡೆ. ಇಪ್ಪತ್ತು ವರ್ಷ ನುಡಿಸಿದವನಿಗೆ ಇದು ಎಂಥ ನೋವೆಂದು ನುಡಿಸುವವರಿಗೆ ಗೊತ್ತು. ದಿನಾ ಬೆಳಿಗ್ಗೆ ಮೆಟ್ರೊನೋಮ್ ಇಟ್ಟುಕೊಂಡು ಬರೀ ಠೇಕಾ ನುಡಿಸಿದೆ. ಒಪ್ಪಿಕೊಂಡಿದ್ದ ಒಂದು ಕಛೇರಿಗೂ ಬರುವುದಿಲ್ಲ ಎಂದೆ. ಕೊನೆಗೆ ಗುರುಗಳ ಮುಂದೆ ಹೋಗಿ ಕೂತೆ. ಅರ್ಧ ಗಂಟೆ ಕೇಳಿ, “ಲಯಾ ಗಟ್ಟಿ ಐತೆಲ್ಲೋ, ಯಾಕ ಅಂಜತಿ?” ಅಂದರು. ಆಗಲೇ ಮೊದಲ ಬಾರಿಗೆ ಯಂತ್ರದ ಮೇಲೆ ಅನುಮಾನ ಬಂದದ್ದು.

ಆಗುತ್ತಿದ್ದುದು ಇಷ್ಟು. ಹಾಡು ಕಂಪ್ಯೂಟರಿನಿಂದ ಹೊರಬರುವಾಗಲೇ ಬಫರಿನಲ್ಲಿ ಕಾದು ತಡವಾಗಿ ಬರುತ್ತದೆ. ಅದಕ್ಕೆ ಸರಿಯಾಗಿ ನಾವು ನುಡಿಸುತ್ತೇವೆ. ನುಡಿಸಿದ್ದು ಒಳಗೆ ಹೋಗುವಾಗ ಇನ್ನಷ್ಟು ತಡ. ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಇದು ಗೊತ್ತಿರುತ್ತದೆ. ‘ಒಟ್ಟು ತಡ ಎಷ್ಟು?’ ಎಂದು ಡ್ರೈವರನ್ನು (ಇಂಟರ್‌ಫೇಸಿಗೂ ಕಂಪ್ಯೂಟರಿಗೂ ನಡುವೆ ಕೆಲಸ ಮಾಡುವ ಸಾಫ್ಟ್‌ವೇರ್) ಕೇಳಿ, ಅಷ್ಟು ಮುಂಚೆ ಬರುವಂತೆ ಸರಿಸಿ ಟ್ರ್ಯಾಕ್ ಕೂರಿಸುತ್ತದೆ. ನನ್ನ ಇಂಟರ್‌ಫೇಸಿಗೆ ಕಂಪನಿಯ ಸ್ವಂತ ಆಸಿಯೊ (ವಿಂಡೋಸ್‌ನಲ್ಲಿ ಧ್ವನಿಯ ತಡ ಕಡಿಮೆ ಇಡುವ ಬಗೆಯ) ಡ್ರೈವರ್ ಇರಲಿಲ್ಲ. ಯಾವ ಸೌಂಡ್ ಕಾರ್ಡಿಗೂ ನಡೆಯುವ ಸಾಮಾನ್ಯ ಡ್ರೈವರ್ ಹಾಕಿದ್ದೆ, ಅದು ಲೆಕ್ಕ ತಪ್ಪು ಹೇಳುತ್ತಿತ್ತು. ಡೈರೆಕ್ಟ್ ಮಾನಿಟರಿನಲ್ಲಿ ಮೈಕಿನ ಧ್ವನಿ ಕಂಪ್ಯೂಟರನ್ನು ಮುಟ್ಟದೆ ನೇರ ಕಿವಿಗೆ ಬರುವುದರಿಂದ ನುಡಿಸುವಾಗ ಇದು ತಿಳಿಯುವುದೇ ಇಲ್ಲ. ‘ಜೀರೊ’ ಎಂಬ ಮಾತು ಆ ತಂತಿಯ ದಾರಿಗೆ ಮಾತ್ರ ಸಂಬಂಧಿಸಿದ್ದು, ಫೈಲಿಗಲ್ಲ.

ಅಳೆಯಲು ಬೇಕಾದದ್ದು ಒಂದು ಕೇಬಲ್. ಹೆಡ್‌ಫೋನ್ ತೆಗೆದಿಡಿ, ಡೈರೆಕ್ಟ್ ಮಾನಿಟರ್ ಆಫ್ ಮಾಡಿ (ಇಲ್ಲದಿದ್ದರೆ ಧ್ವನಿ ಸುತ್ತು ಹೊಡೆದು ಕಿರುಚುತ್ತದೆ), ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್ ಕೂಡ ಆಫ್. ಇಂಟರ್‌ಫೇಸಿನ ಲೈನ್ ಔಟ್‌ನಿಂದ ಅದರದೇ ಲೈನ್ ಇನ್‌ಗೆ ಕೇಬಲ್ ಸಿಕ್ಕಿಸಿ. ಒಂದು ಟ್ರ್ಯಾಕಿನಲ್ಲಿ ‘ಟಿಕ್’ ಸದ್ದು ಇಟ್ಟು, ಅದನ್ನೇ ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಮಾಡಿ, ಎರಡನ್ನೂ ಹಿಗ್ಗಿಸಿ ನೋಡಿ. ಎರಡು ಟಿಕ್ ಒಂದರ ಕೆಳಗೊಂದು ಕೂರಬೇಕು.

ನನ್ನದು 1842 ಸ್ಯಾಂಪಲ್ ತಡವಾಗಿತ್ತು. ಅಂದರೆ 38 ಮಿಲಿಸೆಕೆಂಡ್. ನಿಮಿಷಕ್ಕೆ 180 ಮಾತ್ರೆಯ ಲಯದಲ್ಲಿ ಒಂದು ಮಾತ್ರೆಗೆ 333 ಮಿಲಿಸೆಕೆಂಡ್. ಅದರಲ್ಲಿ ನಾಲ್ಕು ಬೋಲ್ (ತಬಲಾದ ಒಂದೊಂದು ಪೆಟ್ಟು) ಕೂತರೆ ಒಂದೊಂದಕ್ಕೆ 83. ನನ್ನ ಲಗ್ಗಿ ಹತ್ತಿರ ಹತ್ತಿರ ಅರ್ಧ ಬೋಲಿನಷ್ಟು ಹಿಂದೆ ಬೀಳುತ್ತಿತ್ತು. ಆ ಅಂಕಿ ನೋಡುತ್ತ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ.

ಸರಿಪಡಿಸಲು ಎರಡು ನಿಮಿಷ ಸಾಕಾಯಿತು. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ರೆಕಾರ್ಡಿಂಗ್ ಸೆಟ್ಟಿಂಗ್ಸ್ ಒಳಗೆ ಮ್ಯಾನ್ಯುವಲ್ ಆಫ್‌ಸೆಟ್ ಎಂಬ ಜಾಗವಿದೆ. ಏಬಲ್‌ಟನ್ ಲೈವ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಅದರ ಹೆಸರು ಡ್ರೈವರ್ ಎರರ್ ಕಾಂಪೆನ್ಸೇಷನ್. ಅಳೆದ ಅಂಕಿ ತುಂಬಿ ಮತ್ತೆ ಟಿಕ್ ರೆಕಾರ್ಡ್ ಮಾಡಿದರೆ ಎರಡೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ನನ್ನ 1842 ಅನ್ನು ದಯವಿಟ್ಟು ನಿಮ್ಮಲ್ಲಿ ಹಾಕಬೇಡಿ. ಬಫರ್, ಸ್ಯಾಂಪಲ್ ರೇಟ್, ಡ್ರೈವರ್ ಯಾವುದು ಬದಲಾದರೂ ಹೊಸದಾಗಿ ಅಳೆಯಬೇಕು. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ ಮೂರು ಸಲ ನೋಡಿ. ಪ್ರತಿ ಸಲವೂ ಬೇರೆ ಅಂಕಿ ಬಂದರೆ ಆ ಡ್ರೈವರಿನಲ್ಲಿ ಯಾರ ಹಾಡಿಗೂ ನುಡಿಸಬೇಡಿ. ಹೊಸದು ಕೊಳ್ಳುವವರು ಅಂಗಡಿಯಲ್ಲಿ ‘ಕಂಪನಿಯದೇ ಆಸಿಯೊ ಡ್ರೈವರ್ ಇದೆಯೇ?’ ಎಂದು ಮೊದಲು ಕೇಳಿ. ವಿಂಡೋಸ್ ಬಳಸುವವರಂತೂ ಕೇಳಲೇಬೇಕು.

ಆ ನಾಲ್ಕು ವಚನ ಬೇರೆಯವರ ತಬಲಾದೊಂದಿಗೇ ಹೊರಬಂದವು. ನಾನು ನುಡಿಸಿದ್ದನ್ನು 1842 ಸ್ಯಾಂಪಲ್ ಮುಂಚೆ ಬರುವಂತೆ ಸರಿಸಿ ಗಾಯಕಿಗೆ ಕಳಿಸಿದ್ದೆ. “ಸಮ್ ಮ್ಯಾಲೆ ಸರಿಯಾಗಿ ಬಂದೈತ್ರಿ ಅಣ್ಣಾರ” (ಸಮ್ ಎಂದರೆ ತಾಳದ ಮೊದಲ ಮಾತ್ರೆ) ಎಂದು ಅವತ್ತೇ ಫೋನ್ ಮಾಡಿದರು.